ಕೈಸಾಲಕ್ಕೆ ಮನೆಯನ್ನು ಅಡವಿಡಬೇಕೆ?

ದಾಬಸ್‌ಪೇಟೆಯ ದುಡಿಯುವ ಜನರ ಮುಂದೆ ಒಂದು ಕಠಿಣ ಪ್ರಶ್ನೆ ನಿಂತಿದೆ. ಸಂಘದ ವಾರದ ಕಂತು, ಫೈನಾನ್ಸಿನ ತಿಂಗಳ ಕಂತು, ಅಂಗಡಿಯ ಉದ್ರಿ, ಪರಿಚಯದವರ ಕೈಸಾಲ, ಕ್ರೆಡಿಟ್ ಕಾರ್ಡಿನ ಬಾಕಿ ಇವೆಲ್ಲವನ್ನೂ ಒಂದುಗೂಡಿಸಿ, ಮನೆಯನ್ನೋ ನಿವೇಶನವನ್ನೋ ಅಡವಿಟ್ಟು ಒಂದೇ ಸಾಲವಾಗಿ ಮಾಡಿಕೊಳ್ಳಬೇಕೆ? ಹತ್ತು ಬಾಗಿಲಿಗೆ ಉತ್ತರ ಹೇಳುವುದು ತಪ್ಪುತ್ತದೆ, ಕಂತು ಕಾಲುಪಾಲಿಗೆ ಇಳಿಯುತ್ತದೆ ಎಂದು ಸಾಲ ಕೊಡಿಸುವ ದಳ್ಳಾಳಿಗಳು ಹೇಳುತ್ತಾರೆ. ಅವರು ಹೇಳದೆ ಬಿಡುವ ಮಾತುಗಳನ್ನು ಹೇಳುವುದು ನಮ್ಮ ಕರ್ತವ್ಯ.

ಈ ದಳ್ಳಾಳಿಗಳಿಗೆ ನಮ್ಮ ಊರಿನ ಮೇಲೆ ಇಷ್ಟು ಅಕ್ಕರೆ ಏಕೆ? ಸೋಂಪುರ ಕೈಗಾರಿಕಾ ಪ್ರದೇಶ ಬೆಳೆದಿದೆ. ತುಮಕೂರು ರಸ್ತೆಯ ಜೊತೆಗೆ ದೊಡ್ಡಬಳ್ಳಾಪುರದ ಮಾರ್ಗವಾಗಿ ಹೊಸಕೋಟೆಗೆ ಹೋಗುವ ಹೆದ್ದಾರಿಯೂ ಬಂದಿದೆ. ಕಾರ್ಮಿಕನ ಕೂಲಿ ಏರಲಿ ಬಿಡಲಿ, ಅವನ ನಿವೇಶನದ ಬೆಲೆ ಮಾತ್ರ ಏರಿದೆ. ನಿನ್ನೆಯವರೆಗೆ ಅವನ ಸಂಬಳದ ಚೀಟಿಯನ್ನು ನೋಡಿ ಸಾಲ ಕೊಡುತ್ತಿದ್ದವರು ಇಂದು ಅವನ ಖಾತೆ ಪತ್ರವನ್ನು ಕೇಳುತ್ತಿದ್ದಾರೆ.

ಮೊದಲು ಲೆಕ್ಕವನ್ನೇ ನೋಡೋಣ. ಒಬ್ಬನಿಗೆ 3 ಲಕ್ಷ ರೂ. ಸಾಲವಿದೆ ಎನ್ನೋಣ, ಬಡ್ಡಿ ವರ್ಷಕ್ಕೆ ಶೇ. 24, ಅವಧಿ 2 ವರ್ಷ. ತಿಂಗಳ ಕಂತು ಸುಮಾರು 15,860 ರೂ. ಒಟ್ಟು ಬಡ್ಡಿ ಸುಮಾರು 80,700 ರೂ. ಅದೇ ಸಾಲವನ್ನು ಮನೆ ಅಡವಿಟ್ಟು ಶೇ. 12ರ ಬಡ್ಡಿಗೆ 15 ವರ್ಷಕ್ಕೆ ಬದಲಾಯಿಸಿದರೆ ಕಂತು 3,600 ರೂ.ಗೆ ಇಳಿಯುತ್ತದೆ. ಆದರೆ ಒಟ್ಟು ಬಡ್ಡಿ ಸುಮಾರು 3,48,000 ರೂ. ಆಗುತ್ತದೆ! ಬಡ್ಡಿಯ ದರ ಅರ್ಧವಾಯಿತು, ಕಟ್ಟುವ ಬಡ್ಡಿ ನಾಲ್ಕು ಪಟ್ಟು ಮೀರಿತು. ಅಡಮಾನದ ಅದೇ ಸಾಲವನ್ನು 3 ವರ್ಷದಲ್ಲಿ ತೀರಿಸಿದರೆ ಕಂತು ಸುಮಾರು 9,965 ರೂ., ಬಡ್ಡಿ ಸುಮಾರು 58,700 ರೂ. ಆಗ ಲಾಭವುಂಟು. ಈ ಲೆಕ್ಕದಲ್ಲಿ 4 ವರ್ಷ ದಾಟಿತೆಂದರೆ ಲಾಭ ಹೋಯಿತು. ಪತ್ರ ಪರಿಶೀಲನೆ, ಬೆಲೆ ಕಟ್ಟುವುದು, ಸ್ಟಾಂಪು, ನೋಂದಣಿಗಳ ಖರ್ಚು ಬೇರೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ "ಕಂತು ಎಷ್ಟು?" ಎಂಬುದಷ್ಟೇ ಅಲ್ಲ, "ಎಷ್ಟು ವರ್ಷ, ಒಟ್ಟು ಎಷ್ಟು?" ಎಂಬುದು.

ಎರಡನೆಯ ಮಾತು ಇದಕ್ಕಿಂತ ದೊಡ್ಡದು. ಅಡವಿಲ್ಲದ ಸಾಲ ಕೊಟ್ಟವನು ಕೋರ್ಟಿಗೆ ಹೋಗಿ ಡಿಕ್ರಿ ತಂದರೂ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಅವನ ಕೈ ಹಿಡಿಯುತ್ತದೆ. ರೈತನು, ಕೂಲಿಕಾರನು, ಮನೆಗೆಲಸದವನು ತಾನೇ ವಾಸವಿರುವ ಸ್ವಂತ ಮನೆಯನ್ನು ಜಪ್ತಿ ಮಾಡುವಂತಿಲ್ಲ. ಕೂಲಿಕಾರನ ಕೂಲಿಗೂ, ಕಸುಬುದಾರನ ಉಪಕರಣಗಳಿಗೂ, ಭವಿಷ್ಯನಿಧಿಗೂ ರಕ್ಷಣೆಯಿದೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಸೆರೆಗೆ ಹಾಕುವಂತಿಲ್ಲವೆಂದು 56ನೆಯ ಕಲಮು ಹೇಳುತ್ತದೆ. ಈ ರಕ್ಷಣೆ ತಾನಾಗಿ ಮನೆಬಾಗಿಲಿಗೆ ಬರುವುದಿಲ್ಲ. ಕೋರ್ಟಿನಲ್ಲಿ ಹಾಜರಾಗಿ ಕೇಳಬೇಕು. ಯಾರು ಕೂಲಿಕಾರ ಎಂಬುದನ್ನು ಕೋರ್ಟು ನೋಡಿ ತೀರ್ಮಾನಿಸುತ್ತದೆ. ಅಂಗಡಿಕಾರನಿಗೆ ಮನೆಯ ವಿಷಯದಲ್ಲಿ ಈ ಗುರಾಣಿ ಇಲ್ಲವೆಂಬುದನ್ನೂ ಮರೆಯಬಾರದು.

ಆದರೆ ತನ್ನ ಕೈಯಾರೆ ಅಡವಿಟ್ಟ ಮನೆಗೆ ಈ ಗುರಾಣಿ ನಿಲ್ಲುವುದಿಲ್ಲ. 2002ರ ಸರ್ಫೇಸಿ ಕಾಯಿದೆ ಇದನ್ನು ಸ್ಪಷ್ಟವಾಗಿಯೇ ಬರೆದಿದೆ. ಸಾಲ ಸುಸ್ತಿಯಾಯಿತೆಂದು ಬ್ಯಾಂಕು 60 ದಿನಗಳ ನೋಟೀಸು ಕೊಟ್ಟು, ಸಿವಿಲ್ ಕೋರ್ಟಿನ ದಾವೆಯಿಲ್ಲದೆಯೇ ಮನೆಯನ್ನು ವಶಕ್ಕೆ ಪಡೆದು ಹರಾಜು ಹಾಕಬಹುದು. ತಕರಾರಿದ್ದರೆ 45 ದಿನಗಳೊಳಗೆ ಸಾಲ ವಸೂಲಿ ನ್ಯಾಯಾಧಿಕರಣಕ್ಕೆ ಹೋಗಬೇಕು. ಕೃಷಿಭೂಮಿಗೆ ಈ ಕಾಯಿದೆ ಅನ್ವಯಿಸದು. ಮನೆಗೆ, ನಿವೇಶನಕ್ಕೆ ಅನ್ವಯಿಸುತ್ತದೆ. ಇಪ್ಪತ್ತು ವರ್ಷ ಓವರ್‌ಟೈಮು ದುಡಿದು ಕಟ್ಟಿದ ಮನೆ ಒಂದು ರುಜುವಿನಿಂದ ಹರಾಜಿನ ಪಟ್ಟಿ ಸೇರಬಲ್ಲದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ!

ಹಾಗಾದರೆ ವಸೂಲಿಗಾರರ ಕಾಟವನ್ನು ಸಹಿಸಿಕೊಂಡೇ ಇರಬೇಕೆ ಎಂದು ಕೇಳಬಹುದು. ಆ ಸಂಕಟ ಸಣ್ಣದಲ್ಲ. 2025ರ ಆರಂಭದಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ಕಿರುಸಾಲದ ವಸೂಲಿಗೆ ಹೆದರಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಪ್ರಾಣ ಕಳೆದುಕೊಂಡವರೂ ಉಂಟು. ಆ ವರ್ಷದ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷ ರೂ.ವರೆಗೆ ದಂಡ ಗೊತ್ತುಮಾಡಿತು. ಬಳಿಕ ಅದು ಕಾಯಿದೆಯೂ ಆಯಿತು. ಕಿರುಸಾಲಕ್ಕೆ ಅಡವು ಕೇಳಬಾರದು, ಒಂದು ಕುಟುಂಬದ ಎಲ್ಲ ಸಾಲದ ಕಂತುಗಳೂ ಸೇರಿ ಅದರ ತಿಂಗಳ ವರಮಾನದ ಅರ್ಧವನ್ನು ಮೀರಬಾರದು ಎಂಬುದು 2022ರ ರಿಸರ್ವ್ ಬ್ಯಾಂಕ್ ನಿಯಮ. ಹೀಗಿರುವಾಗ ಗದರಿಕೆಗೆ ಹೆದರಿ ಮನೆಯನ್ನು ಅಡವಿಡುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ.

ಅಡಮಾನವೇ ಪಾಪವೆಂದು ನಾವು ಹೇಳುವುದಿಲ್ಲ. ರೈತನನ್ನು ಸಾಹುಕಾರನ ಸಾಲದಿಂದ ಬಿಡಿಸಲೆಂದೇ 1929ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸಹಕಾರಿ ಭೂ ಅಡಮಾನ ಬ್ಯಾಂಕು ಹುಟ್ಟಿತು. ದುಬಾರಿ ಬಡ್ಡಿಯ ಹಳೆಯ ಸಾಲವನ್ನು ತೀರಿಸಿ, ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ ಕೊಡುವುದು ಒಳ್ಳೆಯ ಯೋಚನೆಯೇ. ಆದರೆ ಅಲ್ಲಿ ಅಡವಾದದ್ದು ಬೆಳೆ ಕೊಡುವ ಭೂಮಿ. ವಾಸದ ಮನೆ ಬೆಳೆ ಕೊಡುವುದಿಲ್ಲ. ಅದರ ಕಂತು ಕೂಲಿಯಿಂದಲೇ ಬರಬೇಕು; ಆ ಕೂಲಿಯೋ, ಗುತ್ತಿಗೆದಾರ ಮುಂದಿನ ತಿಂಗಳು ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ದೊಡ್ಡಬಳ್ಳಾಪುರದಲ್ಲಿ ಮಗ್ಗ ನಿಂತರೆ ನೇಕಾರನ ಪಾಡೂ ಇದೇ.

ಆದ್ದರಿಂದ ನಮ್ಮ ಸಲಹೆ ಇಷ್ಟು. ಕೆಲಸ ಕಾಯಂ ಆಗಿದ್ದು, ಮೂರು ತಿಂಗಳ ಕಂತಿಗಾಗುವಷ್ಟು ಹಣ ಕೈಯಲ್ಲಿದ್ದು, ನಾಲ್ಕು ವರ್ಷದೊಳಗೆ ತೀರಿಸುವ ಶಕ್ತಿಯಿದ್ದು, ಒಟ್ಟು ಖರ್ಚು ನಿಜವಾಗಿ ಇಳಿಯುವುದಾದರೆ ಮಾತ್ರ ಅಡಮಾನದ ಯೋಚನೆ ಮಾಡಬಹುದು. ಆಗಲೂ ಹೊಸ ಸಾಲದ ಹಣ ನೇರವಾಗಿ ಹಳೆಯ ಸಾಲಗಾರರಿಗೇ ಹೋಗಬೇಕು. ಪ್ರತಿಯೊಬ್ಬರಿಂದಲೂ ಬಾಕಿ ಇಲ್ಲವೆಂಬ ಪತ್ರ ಪಡೆಯಬೇಕು. ಹಳೆಯದು ಅರ್ಧ ಉಳಿದು ಹೊಸದೂ ಸೇರಿದರೆ ಸಂಸಾರ ಮುಳುಗಿದಂತೆಯೇ. ರುಜು ಹಾಕುವ ಮುನ್ನ ಸಾಲದ ಮುಖ್ಯಾಂಶಗಳ ಪತ್ರವನ್ನು ಕೇಳಿ ಓದಿಸಿಕೊಳ್ಳಬೇಕು; ಎಲ್ಲ ಖರ್ಚು ಸೇರಿದ ವಾರ್ಷಿಕ ದರವನ್ನು ಅದರಲ್ಲಿ ತೋರಿಸುವುದು 2024ರ ಅಕ್ಟೋಬರ್‌ನಿಂದ ಕಡ್ಡಾಯ. ಸಾಲ ತೀರಿದ 30 ದಿನಗಳಲ್ಲಿ ಮೂಲಪತ್ರಗಳನ್ನು ಹಿಂದಿರುಗಿಸಬೇಕು; ತಮ್ಮ ತಪ್ಪಿನಿಂದ ತಡಮಾಡಿದರೆ ಸಾಲ ಕೊಟ್ಟವರೇ ದಿನಕ್ಕೆ 5,000 ರೂ. ಪರಿಹಾರ ತೆರಬೇಕು.

ಖಾಸಗಿ ಬಡ್ಡಿಕೋರನು "ಭದ್ರತೆಗೆ" ಎಂದು ಕ್ರಯಪತ್ರವನ್ನೋ ಜನರಲ್ ಪವರ್ ಪತ್ರವನ್ನೋ ಬರೆಸಿಕೊಳ್ಳಲು ಬಂದರೆ ಯಾವ ಕಾರಣಕ್ಕೂ ಒಪ್ಪಕೂಡದು. ಅದು ಅಡಮಾನವಲ್ಲ, ಮನೆಯನ್ನೇ ಮಾರಿದಂತೆ. ಸಣ್ಣ ವ್ಯಾಪಾರಿಗಳು ಅಂಗಡಿಯ ಬಂಡವಾಳಕ್ಕಾಗಿ ಮನೆಯ ಪತ್ರ ಹಿಡಿದು ಹೊರಡುವ ಮುನ್ನ, ಅಡವಿಲ್ಲದೆ ಸಾಲ ಕೊಡುವ ಮುದ್ರಾ ಯೋಜನೆಯ ಅರ್ಜಿಯನ್ನು ಬ್ಯಾಂಕಿನಲ್ಲಿ ಕೊಟ್ಟು ನೋಡಲಿ.

ಅದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಸಾಲಗಳನ್ನೆಲ್ಲ ಒಂದು ಹಾಳೆಯ ಮೇಲೆ ಮನೆಯವರ ಎದುರಿಗೇ ಬರೆದು, ದುಬಾರಿ ಬಡ್ಡಿಯದನ್ನು ಮೊದಲು ತೀರಿಸುವ ದಾರಿ ಹುಡುಕಬೇಕು. ಅವಧಿ ಹೆಚ್ಚಿಸಿರೆಂದು ಸಾಲ ಕೊಟ್ಟವರಿಗೆ ಲಿಖಿತವಾಗಿ ಕೇಳಬೇಕು. ಕೋರ್ಟಿನ ನೋಟೀಸು ಬಂದರೆ ಬಚ್ಚಿಡದೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬೇಕು. 1987ರ ಕಾಯಿದೆಯಂತೆ ಕೈಗಾರಿಕಾ ಕಾರ್ಮಿಕರಿಗೂ ಎಲ್ಲ ಮಹಿಳೆಯರಿಗೂ ಅಲ್ಲಿ ಉಚಿತ ವಕೀಲರ ನೆರವು ಹಕ್ಕಾಗಿ ಸಿಗುತ್ತದೆ.

ಸಾಲ ವೈಯಕ್ತಿಕ ದೌರ್ಬಲ್ಯವೆಂದು ಉಪದೇಶ ಮಾಡುವವರ ಸಾಲಿಗೆ ನಾವು ಸೇರಿದವರಲ್ಲ. ಆಸ್ಪತ್ರೆಯ ಬಿಲ್ಲು, ಮಕ್ಕಳ ಶಾಲೆಯ ಶುಲ್ಕ, ಕೆಲಸವಿಲ್ಲದ ತಿಂಗಳುಗಳು ಇವೇ ಬಡವನ ಸಾಲದ ತಾಯಿಬೇರು. ಪ್ರತಿ ಕೈಗಾರಿಕಾ ಪ್ರದೇಶದಲ್ಲೂ ಕಾರ್ಮಿಕರ ಪತ್ತಿನ ಸಹಕಾರ ಸಂಘ ಏಳಬೇಕು, ಸರ್ಕಾರ ಅದಕ್ಕೆ ಬಂಡವಾಳದ ನೆರವು ಕೊಡಬೇಕು ಎಂದು ನಾವು ಒತ್ತಾಯಿಸುತ್ತೇವೆ. ಅದು ಆಗುವವರೆಗೆ ದುಡಿಯುವವನ ಕೊನೆಯ ಆಸರೆ ಅವನ ತಲೆಯ ಮೇಲಿನ ಸೂರು. ಕಂತು ಹಗುರವಾಗುವುದೆಂಬ ಒಂದೇ ಮಾತಿಗೆ ಅದನ್ನು ಒತ್ತೆಯಿಡದಿರಲಿ.