ಎಂಜಿನ್ನಿಗೆ ಜರಡಿ, ಸಾರಥಿಗೆ ಬೈರಾಸು

ಮಾಘಮಾಸದಲ್ಲಿ ಪೆರಾಬೆಯ ನನ್ನ ಅಕ್ಕನ ಮನೆಗೆ ಹೋದವರಿಗೆ ಅಂಗಳದಲ್ಲಿ ಮೊದಲು ಕೇಳಿಸುವುದು ನಾಯಿಯ ಬೊಗಳಲ್ಲ, ಭಾವನವರ ಕೆಮ್ಮು. ಉಪ್ಪಿನಂಗಡಿಯಿಂದ ಕಡಬದ ಕಡೆಗೆ ಸಾಗುವ ದಾರಿಯಲ್ಲಿ, ಆಲಂಕಾರಿನ ನೆರೆಯಲ್ಲಿರುವ ಊರದು. ಮೊದಲು ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬ ತಾಲೂಕಿಗೆ ಸೇರಿದೆ. ತಾಲೂಕು ಬದಲಾದರೂ ಅಡಿಕೆ, ರಬ್ಬರು, ತೆಂಗು ಇವು ಬದಲಾಗಿಲ್ಲ. ಭಾವನವರ ಅಂಗಳದಲ್ಲಿ ನಿಂತಿರುವ 18 ವರ್ಷದ ಹಳೆಯ ಪಿಕಪ್ಪೂ ಬದಲಾಗಿಲ್ಲ. ಅಡಿಕೆಯನ್ನು ಪುತ್ತೂರಿಗೆ ಒಯ್ಯುವುದು ಅದೇ, ಗೊಬ್ಬರ ತರುವುದು ಅದೇ, ನೆರೆಮನೆಯವರ ಕಟ್ಟಡಕ್ಕೆ ಕೆಂಪುಕಲ್ಲು ಹೇರುವುದೂ ಅದೇ.

ಭಾವನವರು ಬೀಡಿ ಸೇದಿದವರಲ್ಲ, ನಸ್ಯದ ಡಬ್ಬಿಯನ್ನು ಮುಟ್ಟಿದವರಲ್ಲ. ಆದರೂ ಮಳೆ ನಿಂತು ದಾರಿ ಒಣಗಿತೆಂದರೆ ಕೆಮ್ಮು ಹತ್ತುತ್ತಿತ್ತು. ಮಳೆ ಬಿದ್ದರೆ ಇಳಿಯುತ್ತಿತ್ತು. ಅಕ್ಕ ಕಷಾಯ ಕುಡಿಸಿದಳು. ಜ್ಯೇಷ್ಠಮಧು ಅಗಿಯಲು ಕೊಟ್ಟಳು. ಕೊನೆಗೆ ಕರೆದುಕೊಂಡು ಹೋದದ್ದು ಡಾಕ್ಟರರ ಬಳಿಗೆ. ಅವರು ಎದೆಗೆ ಯಂತ್ರವಿಟ್ಟು ಕೇಳಿದ ಮೇಲೆ, ಔಷಧಿಯ ಚೀಟಿಯನ್ನು ಬರೆಯುವ ಮೊದಲೇ, "ದಿನಕ್ಕೆ ಎಷ್ಟು ಹೊತ್ತು ಗಾಡಿಯಲ್ಲಿ ಕುಳಿತಿರುತ್ತೀರಿ?" ಎಂದು ಪ್ರಶ್ನೆ ಮಾಡಿದರಂತೆ. ಆ ಒಂದು ಪ್ರಶ್ನೆಯಿಂದ ಅಕ್ಕನ ನಿದ್ರೆ ಕೆಟ್ಟಿತು. ನನಗೆ ಕಾಗದ ಬಂದಿತು.

ನಾನು ಹೋದ ದಿನ ಭಾವನವರು ಬಹಳ ಉತ್ಸಾಹದಿಂದ ಬಾನೆಟ್ಟನ್ನು ಎತ್ತಿ, "ಇಲ್ಲಿ ನೋಡಿ ಭಾವ, ಮೊನ್ನೆಯಷ್ಟೇ ಎಂಜಿನ್ನಿಗೆ ಹೊಸ ಏರ್ ಫಿಲ್ಟರ್ ಹಾಕಿಸಿದೆ" ಎಂದರು. (ನಮ್ಮ ಕಡೆಯಲ್ಲಿ ಅಕ್ಕನ ಗಂಡನೂ ಹೆಂಡತಿಯ ತಮ್ಮನೂ ಪರಸ್ಪರ ಭಾವಂದಿರೇ, ಓದುಗರು ಗಲಿಬಿಲಿಗೊಳ್ಳಬಾರದು.)

"ಎಂಜಿನ್ನಿಗೆ ಆಯಿತು. ನಿಮಗೆಲ್ಲಿ ಜರಡಿ?" ಎಂದೆ.

ಅವರು ಹೆಗಲ ಮೇಲಿದ್ದ ಬೈರಾಸನ್ನು ತೋರಿಸಿ ನಕ್ಕರು. ನಗುತ್ತಲೇ ಕೆಮ್ಮಿದರು.

ಯೋಚಿಸಿ ನೋಡಿದರೆ ಇದೊಂದು ವಿಚಿತ್ರ. ಮೋಟಾರನ್ನು ಮಾಡಿದವರಿಗೆ ಎಂಜಿನ್ನು ಧೂಳು ಕುಡಿದರೆ ಸವೆಯುತ್ತದೆಂಬುದು ಬಹುಕಾಲದಿಂದ ಗೊತ್ತು. ಹಳೆಯ ಜೀಪುಗಳಲ್ಲಿ ಎಣ್ಣೆ ತುಂಬಿದ ತಟ್ಟೆಯೊಂದಿತ್ತು. ಒಳನುಗ್ಗಿದ ಗಾಳಿ ಎಣ್ಣೆಯ ಮೇಲೆ ಥಟ್ಟನೆ ತಿರುಗುವಾಗ ಭಾರವಾದ ಧೂಳು ಎಣ್ಣೆಯಲ್ಲಿ ಬಿದ್ದು ಸಿಕ್ಕಿಕೊಳ್ಳುತ್ತಿತ್ತು. ಅನಂತರ ಕಾಗದದ ಜರಡಿ ಬಂದಿತು. ಎಂಜಿನ್ನಿಗೆ ಇಷ್ಟು ಉಪಚಾರ ಮಾಡಿದವರು, ಅದರ ಹಿಂದೆ ಕುಳಿತು ದಿನಕ್ಕೆ ಸುಮಾರು 10,000 ಲೀಟರು ಗಾಳಿಯನ್ನು ಉಸಿರಾಡುವ ಮನುಷ್ಯನಿಗೆ ಮಾತ್ರ ಕಿಟಕಿಯ ಗಾಜು ಸಾಕೆಂದುಕೊಂಡರು. ಬೆಲೆಯುಳ್ಳ ಕಾರುಗಳಿಗೆ ಒಳಗಾಳಿಯ ಜರಡಿ ಬಂದ ಮೇಲೂ ಹೊರೆ ಹೊರುವ ಗಾಡಿಗೆ ಅದು ಇಳಿದು ಬರಲು ಬಹಳ ಕಾಲ ಹಿಡಿಯಿತು.

ಆ ಸೀಮೆಯ ಧೂಳೂ ಸಾಮಾನ್ಯವಾದುದಲ್ಲ. ಮುರಕಲ್ಲಿನ ಮಣ್ಣು ಅದು. 1800ರ ಸುಮಾರಿಗೆ ಈ ಕಡೆಯಲ್ಲೆಲ್ಲ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಡಿಪುರದಲ್ಲಿ ಜನರು ಈ ಕಲ್ಲನ್ನು ಇಟ್ಟಿಗೆಯಂತೆ ಕಡಿಯುವುದನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ 'ಲ್ಯಾಟರೈಟ್' ಎಂಬ ಹೆಸರನ್ನಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಯೆಂದೇ ಅದರ ಅರ್ಥ. ಆ ಇಟ್ಟಿಗೆ ಚಕ್ರದಡಿಯಲ್ಲಿ ಪುಡಿಯಾದರೆ ಕುಂಕುಮದಂತೆ ಹಾರುತ್ತದೆ. ದಪ್ಪ ಕಣಗಳನ್ನು ಮೂಗೇ ತಡೆಯುತ್ತದೆ. 10 ಮೈಕ್ರಾನಿಗಿಂತ ಸಣ್ಣವು ಶ್ವಾಸನಾಳಕ್ಕೆ ಇಳಿಯುತ್ತವೆ, 2.5 ಮೈಕ್ರಾನಿಗಿಂತ ಸಣ್ಣವು ಪುಪ್ಪುಸದ ಕಟ್ಟಕಡೆಯ ಗೂಡುಗಳನ್ನೂ ಮುಟ್ಟುತ್ತವೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನು ಎಂದರೆ ಇವುಗಳ ಅಳತೆ ತಿಳಿದೀತು. ಇದಕ್ಕೆ ಡೀಸೆಲ್ ಹೊಗೆಯನ್ನು ಸೇರಿಸಿರಿ. ಉಪ್ಪಿನಂಗಡಿಯ ಬಳಿ ರಾಷ್ಟ್ರೀಯ ಹೆದ್ದಾರಿ 75ರ ಅಗಲೀಕರಣ ವರ್ಷಗಟ್ಟಲೆ ನಡೆದಾಗ ಭಾವನವರು ಲಾರಿಗಳ ಹಿಂದೆ ನಿಂತು ಕುಡಿದದ್ದು ಈ ಎರಡರ ಪಾನಕವನ್ನು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿಯೇ ಡೀಸೆಲ್ ಹೊಗೆಯನ್ನು ಮನುಷ್ಯನಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು.

ಸರಿ, ಜರಡಿಯೊಂದನ್ನು ಕೂರಿಸುವುದೆಂದು ನಿಶ್ಚಯವಾಯಿತು. ಪಿಕಪ್ಪಿಗೆ ಹವಾನಿಯಂತ್ರಣವಿಲ್ಲದಿದ್ದರೂ ಒಳಗೆ ಬೀಸಣಿಗೆಯೊಂದಿದೆ. ಮುಂಗಾಜಿನ ಬುಡದಲ್ಲಿ, ಬಾನೆಟ್ಟಿನ ಅಂಚಿಗೆ ತಾಗಿದಂತೆ ಸೀಳುಗಳಿರುವ ತಗಡೊಂದಿರುತ್ತದೆ; ಗಾಳಿ ಅಲ್ಲಿಂದ ಇಳಿದು, ಡ್ಯಾಶ್‌ಬೋರ್ಡಿನ ಹಿಂದಿನ ಬೀಸಣಿಗೆಯ ಮೂಲಕ ಮುಖಕ್ಕೆ ಬರುತ್ತದೆ. ತಗಡನ್ನು ಬಿಚ್ಚಿದಾಗ ಅದರಡಿಯಲ್ಲಿ ದೊರೆತ ರಬ್ಬರೆಲೆಗಳು ಒಂದು ಬುಟ್ಟಿಯಾದವು. ಭಾವನವರು ಸ್ವಂತ ಬುದ್ಧಿಯಿಂದ ಅಲ್ಲಿಗೆ ಎರಡು ಬೆರಳು ದಪ್ಪದ ಸ್ಪಂಜನ್ನು ಕತ್ತರಿಸಿ ತುರುಕಿದರು. ಧೂಳು ನಿಂತಿತು ನಿಜ; ಗಾಳಿಯೂ ನಿಂತಿತು. ಮೂರನೆಯ ದಿನ ಬೀಸಣಿಗೆಯ ವೇಗವನ್ನು ಹಿಡಿತದಲ್ಲಿಡುವ ರೆಸಿಸ್ಟರ್ ಸುಟ್ಟಿತು. ಅದು ತಂಪಾಗುವುದು ಅದೇ ಗಾಳಿಯ ಹರಿವಿನಿಂದಲೆಂಬ ಸಂಗತಿ ನಮಗಿಬ್ಬರಿಗೂ ಆಗ ತಿಳಿಯಿತು.

ಕಡಬದ ಮೆಕ್ಯಾನಿಕ್ಕನು ಇದನ್ನು ಕಂಡು, "ಎಂತ ಮಾರಾಯ್ರೆ, ಮೂಗನ್ನೇ ಮುಚ್ಚಿದಿರಲ್ಲ!" ಎಂದು ಸ್ಪಂಜನ್ನು ಕಿತ್ತೆಸೆದನು. ಬಳಿಕ ಅವನು ಮಾಡಿದ ಕೆಲಸವನ್ನು ಕುಳಿತು ನೋಡುವುದೇ ಸೊಗಸಾಗಿತ್ತು. ಎಡಗಡೆಯ ಸಣ್ಣ ಪೆಟ್ಟಿಗೆಯನ್ನು ಕಳಚಿ, ಬೀಸಣಿಗೆಯ ಗೂಡಿನ ಬಾಯಿಯನ್ನು ಅಳೆದು, ಅದಕ್ಕೆ ಸರಿಹೊಂದುವ ಕಾರಿನ ಜರಡಿಯೊಂದನ್ನು ತರಿಸಿದನು. ಬೆಲೆ ಕೆಲವು ನೂರು ರೂಪಾಯಿ. ಕೆಲವು ಗಾಡಿಗಳಲ್ಲಿ ಜರಡಿಗೆಂದೇ ಗೂಡಿರುತ್ತದೆಯಂತೆ. ಕಾರ್ಖಾನೆಯವರು ಮೇಲ್ದರ್ಜೆಯ ಮಾದರಿಗೆ ಜರಡಿಯನ್ನಿಟ್ಟು ಕೆಳದರ್ಜೆಯದಕ್ಕೆ ಬರಿಯ ಮುಚ್ಚಳ ಹಾಕಿ ಬಿಡುತ್ತಾರೆ. ಭಾವನವರದಕ್ಕೆ ಅದೂ ಇರಲಿಲ್ಲ. ತಗಡಿನ ಚೌಕಟ್ಟೊಂದನ್ನು ಬಗ್ಗಿಸಿ, ಸುತ್ತ ತೆಳ್ಳನೆಯ ರಬ್ಬರು ಪಟ್ಟಿ ಅಂಟಿಸಿ, ಜರಡಿಯ ಮೇಲಿದ್ದ ಬಾಣದ ಗುರುತು ಗಾಳಿ ಹರಿಯುವ ದಿಕ್ಕಿಗಿರುವಂತೆ ಕೂರಿಸಿದನು. ಪಟ್ಟಿಯಿಲ್ಲದಿದ್ದರೆ ಗಾಳಿ ಜರಡಿಯನ್ನು ಬಿಟ್ಟು ಅಂಚಿನ ಸಂದಿಯಿಂದಲೇ ನುಸುಳುವುದು.

ಆ ಜರಡಿಯ ಗುಟ್ಟೆಲ್ಲ ಅದರ ಮಡಿಕೆಗಳಲ್ಲಿದೆ. 20 ಸೆಂಟಿಮೀಟರಿನ ಚೌಕದಲ್ಲಿ ಎರಡೂವರೆ ಸೆಂಟಿಮೀಟರು ಎತ್ತರದ 20 ಮಡಿಕೆಗಳಿದ್ದರೆ 400 ಚದರ ಸೆಂಟಿಮೀಟರಿನ ಬಾಯಲ್ಲಿ 2000 ಚದರ ಸೆಂಟಿಮೀಟರು ಬಟ್ಟೆ ಹಿಡಿಸುತ್ತದೆ. ಆದುದರಿಂದ ಧೂಳು ನಿಂತರೂ ಗಾಳಿ ಕಟ್ಟುವುದಿಲ್ಲ. ನಮ್ಮ ಹೆಂಗಸರು ಸೀರೆಯ ನೆರಿಗೆಯಲ್ಲಿ ಎಂದೋ ಕಂಡುಕೊಂಡ ಲೆಕ್ಕ ಇದು. ಒಳ್ಳೆಯ ಜರಡಿಗಳ ನೂಲಿಗೆ ವಿದ್ಯುತ್ತಿನ ಅಂಶವನ್ನು ಕೂಡ ಹಚ್ಚಿರುತ್ತಾರೆ. ಸಣ್ಣ ಕಣಗಳು ಅದಕ್ಕೆ ಅಂಟುತ್ತವೆ. ಅದನ್ನು ಸಾಬೂನಿನಿಂದ ತೊಳೆದರೆ ಆ ಗುಣ ಹೋಗುತ್ತದೆ. ಅಕ್ಕ ಆಗಲೇ ಬಕೆಟ್ಟು ಹಿಡಿದು ಬಂದಿದ್ದಳು, ತಡೆಯಬೇಕಾಯಿತು.

ಇಷ್ಟಾದರೂ ಮರುದಿನ ಪುತ್ತೂರಿನಿಂದ ಹಿಂದಿರುಗಿದಾಗ ಸೀಟಿನ ಮೇಲೆ ಕೆಂಪು ಪುಡಿ! ಭಾವನವರ ಮುಖ ಬಾಡಿತು. ಮೆಕ್ಯಾನಿಕ್ಕನು ಊದುಬತ್ತಿಯೊಂದನ್ನು ಹಚ್ಚಿ, ಬಾಗಿಲುಗಳ ಅಂಚಿನಲ್ಲಿಯೂ ಕಾಲಡಿಯಲ್ಲಿಯೂ ಮೆಲ್ಲನೆ ಸರಿಸಿದನು. ಹೊಗೆ ಎಲ್ಲೆಲ್ಲಿ ಓಲಾಡಿತೋ ಅಲ್ಲಲ್ಲಿ ಬಿರುಕು. ಕ್ಲಚ್ಚಿನ ಕೇಬಲ್ ಎಂಜಿನ್ ಕಡೆಯಿಂದ ಒಳಬರುವ ತೂತಿನ ರಬ್ಬರು ಬಿರಿದಿತ್ತು. ಬಾಗಿಲ ರಬ್ಬರು ಕಲ್ಲಿನಂತಾಗಿತ್ತು. ಹಿಂಗಾಜಿನ ಮೂಲೆಯಲ್ಲಿ ಕಡ್ಡಿ ತೂರುವಷ್ಟು ಸಂದಿಯಿತ್ತು. ಹೆಬ್ಬಾಗಿಲಿಗೆ ಕಾವಲಿಟ್ಟು ಹಿತ್ತಿಲ ಬಾಗಿಲನ್ನು ತೆರೆದಿಟ್ಟ ಹಾಗಾಗಿತ್ತು ನಮ್ಮ ಸಾಹಸ. ಅವೆಲ್ಲವನ್ನೂ ಮುಚ್ಚಿದ ಮೇಲೆ, ಬೀಸಣಿಗೆ ತಿರುಗುವಾಗ ಒಳಗಿನ ಗಾಳಿ ಬಿರುಕುಗಳಿಂದ ಹೊರಕ್ಕೆ ತಳ್ಳಲ್ಪಡುತ್ತದೆಯೇ ಹೊರತು ಧೂಳು ಒಳಕ್ಕೆ ಎಳೆಯಲ್ಪಡುವುದಿಲ್ಲ.

ಅದೇ ಹೊತ್ತಿನಲ್ಲಿ ಅವನು ಇನ್ನೊಂದನ್ನು ಕಂಡುಹಿಡಿದನು. ನನ್ನ ಎಣಿಕೆಯಲ್ಲಿ ಆ ದಿನದ ಅತಿ ಮುಖ್ಯ ಕೆಲಸ ಅದೇ. ಹೊಗೆಕೊಳವೆಯ ಜೋಡಣೆಯಲ್ಲಿ ಸೋರಿಕೆಯಿತ್ತು. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಯಾವ ಕಾಗದದ ಜರಡಿಯೂ ಅದನ್ನು ತಡೆಯಲಾರದು. ಕಿಟಕಿಯನ್ನು ತೆರೆದಿಟ್ಟು ಓಡಾಡಿದಷ್ಟು ಕಾಲ ಅದು ಹಾರಿಹೋಗುತ್ತಿತ್ತು. ಜರಡಿ ಬಂದಿತೆಂದು ಕಿಟಕಿಯನ್ನು ಮುಚ್ಚಿ ಕುಳಿತಿದ್ದರೆ? ಅಕ್ಕನಿಗೆ ಇದನ್ನು ನಾವು ಬಿಡಿಸಿ ಹೇಳಲಿಲ್ಲ. ಹಳೆಯ ಗಾಡಿಗೆ ಈ ಏರ್ಪಾಡು ಮಾಡಿಸುವವರು ಮೊದಲು ಹೊಗೆಕೊಳವೆಯನ್ನು ಪರೀಕ್ಷಿಸಿ, ಆಮೇಲೆ ಸಂದಿಗಳನ್ನು ಮುಚ್ಚಬೇಕು.

ಪಟ್ಟಣದ ಓದುಗರು, ಇದು ಹಳ್ಳಿಯ ಪಿಕಪ್ಪಿನ ಕಥೆ, ನಮಗೇಕೆ ಎನ್ನದಿರಲಿ. ತಮ್ಮ ಕಾರಿನ ಮುಂದಿನ ಪೆಟ್ಟಿಗೆಯ ಹಿಂದೆ ಇಂಥದೇ ಜರಡಿಯಿದ್ದೀತು. ಅದನ್ನು ಕೊಂಡಂದಿನಿಂದ ಯಾರೂ ತೆಗೆದು ನೋಡಿರಲಿಕ್ಕಿಲ್ಲ. ವಾಸನೆಯನ್ನೂ ಹೀರುವ ಕಪ್ಪು ಜರಡಿಯೂ ಉಂಟು. ಅದರೊಳಗಿರುವ ಇದ್ದಿಲನ್ನು ಅನೇಕವೇಳೆ ತೆಂಗಿನ ಗೆರಟೆಯಿಂದಲೇ ಮಾಡುತ್ತಾರೆ. 1918ರಲ್ಲಿ, ಮೊದಲನೆಯ ಮಹಾಯುದ್ಧದ ವಿಷಾನಿಲದಿಂದ ಸೈನಿಕರನ್ನು ಕಾಪಾಡಿದ ಮುಖವಾಡಗಳಲ್ಲಿಯೂ ಗೆರಟೆಯ ಇದ್ದಿಲಿತ್ತು. ಇದನ್ನು ಕೇಳಿದ ಭಾವನವರು ಬಚ್ಚಲೊಲೆಯ ಪಕ್ಕದಲ್ಲಿದ್ದ ಗೆರಟೆಯ ರಾಶಿಯನ್ನು ಬಹಳ ಗೌರವದಿಂದ ನೋಡಿದರು.

ಹದಿನೈದು ಸಾವಿರ ಕಿಲೋಮೀಟರಿಗೊಮ್ಮೆ ಬದಲಿಸಿದರೆ ಸಾಕೆಂದು ಸಾಮಾನ್ಯವಾಗಿ ಹೇಳುವುದುಂಟು. ಆ ಲೆಕ್ಕ ಈ ಜಿಲ್ಲೆಗೆ ನಡೆಯದು. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವಲ್ಲಿ, ಬೇಸಿಗೆಯ ಧೂಳು ತುಂಬಿದ ಜರಡಿ ಆಷಾಢದಲ್ಲಿ ನೆನೆದರೆ ಬೂಷ್ಟು ಹಿಡಿದು, ಕೆಮ್ಮಿಗೆ ಮತ್ತೊಂದು ಕಾರಣವಾದೀತು. ಮೇ ತಿಂಗಳ ಕೊನೆಗೆ ಹಳೆಯದನ್ನು ತೆಗೆದು, ಎಲೆ ತುಂಬಿದ ನೀರಿನ ದಾರಿಯನ್ನು ಶುಚಿಮಾಡಿ, ಹೊಸದನ್ನು ಹಾಕುವುದೆಂದು ಗೊತ್ತುಮಾಡಿಕೊಂಡೆವು. ಸೆಕೆಯ ಕಾಟವೂ ಇದೆ. ದಾರಿಯುದ್ದಕ್ಕೂ ಕಿಟಕಿ ಮುಚ್ಚಿರಲು ಆಗದು. ಎದುರಿಗೆ ಲಾರಿ ಸಿಕ್ಕಾಗ, ಮಣ್ಣುದಾರಿಗೆ ಇಳಿದಾಗ ಮುಚ್ಚುತ್ತಾರೆ, ದಾಟಿದ ಮೇಲೆ ಇಳಿಸುತ್ತಾರೆ.

ಕಳೆದ ಮೇ ತಿಂಗಳಲ್ಲಿ ನಾನು ಹೋದಾಗ ಅಕ್ಕ ಹಳೆಯ ಜರಡಿಯನ್ನು ಜಗಲಿಯ ಮೇಲಿಟ್ಟು ತೋರಿಸಿದಳು. ಬೆಳ್ಳಗಿದ್ದುದು ಕಾವಿಯ ಬಣ್ಣವಾಗಿತ್ತು. ಭಾವನವರ ಕೆಮ್ಮು ಹೋಯಿತೆಂದು ನಾನು ಬರೆಯಲಾರೆ. ರಾತ್ರಿ ಏಳಿಸುತ್ತಿದ್ದುದು ನಿಂತಿದೆ, ಬೆಳಗಿನದು ಉಳಿದಿದೆ. ಅಡಿಕೆ ಸುಲಿಯುವ ಕೊಟ್ಟಿಗೆಯ ಧೂಳಿಗೆ ಅವರಿನ್ನೂ ಬೈರಾಸನ್ನೇ ನಂಬಿದ್ದಾರೆ.

ಅಕ್ಕ ಜರಡಿಯನ್ನು ಬೆರಳಿನಿಂದ ಒರಸಿ ನೋಡುತ್ತ, "ಇದು ಒಳಗೆ ಕುಳಿತವರದ್ದು. ಹಿಂದೆ ಮೂಟೆಯ ಮೇಲೆ ಕುಳಿತು ಬರುವ ಹುಡುಗರದ್ದು?" ಎಂದು ಕೇಳಿದಳು. ಭಾವನವರು ಉತ್ತರ ಕೊಡಲಿಲ್ಲ. ಮರುದಿನ ಬೆಳಗ್ಗೆ ಗೊಬ್ಬರಕ್ಕೆ ಹೊರಟಾಗ ಆಳುಗಳಲ್ಲಿ ಒಬ್ಬನನ್ನು ಮುಂದೆ ಪಕ್ಕದಲ್ಲಿ ಕೂರಿಸಿಕೊಂಡರು. ಇನ್ನೊಬ್ಬನ ಕೈಗೆ ಬಸ್ಸಿನ ಚಾರ್ಜನ್ನು ಕೊಟ್ಟರು.