ಹಿತ್ತಿಲಿಗೆ ಬಂದ ವಿದ್ಯುತ್ ಗರಗಸ: ಯಂತ್ರದೊಡನೆ ಸುರಕ್ಷತೆಯೂ ಬರಬೇಕು

ಕೃಷಿ ಯಾಂತ್ರೀಕರಣವೆಂದರೆ ನಮ್ಮ ಕಣ್ಣ ಮುಂದೆ ಬರುವುದು ಟ್ರ್ಯಾಕ್ಟರ್, ನಾಟಿ ಯಂತ್ರ, ಕಟಾವು ಯಂತ್ರಗಳು. 2014-15ರಲ್ಲಿ ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ ಆರಂಭವಾಯಿತು. ಅದೇ ಕಾಲಘಟ್ಟದಲ್ಲಿ ನಮ್ಮ ರಾಜ್ಯದಲ್ಲಿ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳೂ ಬಂದವು. ಇವುಗಳಿಂದಾಗಿ ದೊಡ್ಡ ಯಂತ್ರಗಳು ಸಣ್ಣ ಹಿಡುವಳಿದಾರರ ಹೊಲವನ್ನೂ ತಲುಪಿವೆ. ಆದರೆ ಇದರ ಜೊತೆಯಲ್ಲೇ ಸದ್ದಿಲ್ಲದೆ ಇನ್ನೊಂದು ಯಾಂತ್ರೀಕರಣ ನಡೆದಿದೆ. ಮರದ ರೆಂಬೆ ಸವರಲು, ಮಳೆಗಾಲಕ್ಕೆ ಮುನ್ನ ಸೌದೆ ಸೀಳಲು, ಬಿದ್ದ ತೆಂಗಿನ ಕಾಂಡ ತುಂಡರಿಸಲು ವೈರ್ ಸಹಿತ ವಿದ್ಯುತ್ ಗರಗಸಗಳನ್ನು ರೈತರು ಸ್ವಂತ ಹಣದಲ್ಲಿ ಕೊಳ್ಳುತ್ತಿದ್ದಾರೆ. ಕೂಲಿಯಾಳುಗಳ ಕೊರತೆ ಮತ್ತು ಪೆಟ್ರೋಲ್ ಬೆಲೆ ಇದಕ್ಕೆ ಮುಖ್ಯ ಕಾರಣಗಳು.

ಈ ಬೆಳವಣಿಗೆ ಸ್ವಾಗತಾರ್ಹ. ಆತಂಕವಿರುವುದು ಬೇರೆಡೆ. ಇಲಾಖೆಯ ಮೂಲಕ ಬರುವ ಯಂತ್ರದೊಡನೆ ಪ್ರಾತ್ಯಕ್ಷಿಕೆಗೆ ಒಂದಿಷ್ಟು ಅವಕಾಶವಿರುತ್ತದೆ. ಅಂಗಡಿಯಿಂದಲೋ ಮೊಬೈಲ್ ಮೂಲಕವೋ ತರಿಸಿಕೊಂಡ ಗರಗಸದೊಡನೆ ಬರುವುದು ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲಿ ಮುದ್ರಿತವಾದ ಕಿರುಪುಸ್ತಿಕೆ ಮಾತ್ರ.

ಕಾನೂನಿನ ಅಂತರ

ಒಕ್ಕಣೆ ಯಂತ್ರಗಳಲ್ಲಿ ಕೈ ಕಳೆದುಕೊಂಡವರ ಸಂಕಟದ ಹಿನ್ನೆಲೆಯಲ್ಲಿ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಜಾರಿಗೆ ಬಂತು. ಇಂತಹ ಯಂತ್ರಗಳ ತಯಾರಿಕೆ, ಮಾರಾಟ ಮತ್ತು ಬಳಕೆಯ ನಿಯಂತ್ರಣ, ಸಾವು ನೋವುಗಳಿಗೆ ಪರಿಹಾರ ಎಲ್ಲವೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಆ ಕಾಯ್ದೆ ತನ್ನ ವ್ಯಾಖ್ಯೆಯಲ್ಲೇ ಹೆಸರಿಸಿದ ಯಂತ್ರ ಒಕ್ಕಣೆ ಯಂತ್ರ. 1948ರ ಕಾರ್ಖಾನೆ ಕಾಯ್ದೆಯ ಸುರಕ್ಷತಾ ನಿಯಮಗಳು ಕಾರ್ಖಾನೆಯ ಆವರಣಕ್ಕೆ ಸೀಮಿತವಾಗಿದ್ದವು. ತೋಟದ ಬದುವಿನವರೆಗೆ ಬರಲಿಲ್ಲ. ಆದ್ದರಿಂದ ಗರಗಸ ಹಿಡಿದ ರೈತನಿಗೆ ಅವನ ಎಚ್ಚರಿಕೆಯೇ ಮೊದಲ ಕಾವಲು.

ವೈರ್‌ನಲ್ಲಿ ಅಡಗಿರುವ ಅಪಾಯ

ವಿದ್ಯುತ್ ಗರಗಸದಲ್ಲಿ ಎರಡು ಅಪಾಯಗಳು ಒಟ್ಟಿಗೆ ಇರುತ್ತವೆ: ತಿರುಗುವ ಸರಪಳಿ ಒಂದು, ಹಿಂದೆ ಎಳೆದು ತಂದ ವೈರ್ ಇನ್ನೊಂದು. ಸರಪಳಿ ಕಣ್ಣಿಗೆ ಕಾಣುವುದರಿಂದ ಭಯವಿರುತ್ತದೆ. ವೈರ್‌ನ ಬಗ್ಗೆ ಉದಾಸೀನ ಹೆಚ್ಚು.

2,000 ವಾಟ್ ಸಾಮರ್ಥ್ಯದ ಗರಗಸ 230 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ವಿದ್ಯುತ್ ಎಳೆಯುತ್ತದೆ. 50 ಮೀಟರ್ ದೂರಕ್ಕೆ 0.75 ಚದರ ಮಿ.ಮೀ. ದಪ್ಪದ ತಾಮ್ರದ ವೈರ್ ಬಳಸಿದರೆ ದಾರಿಯಲ್ಲೇ ಸುಮಾರು 23 ವೋಲ್ಟ್ ನಷ್ಟವಾಗುತ್ತದೆ, 2.5 ಚದರ ಮಿ.ಮೀ. ವೈರ್‌ನಲ್ಲಿ ಈ ನಷ್ಟ 7 ವೋಲ್ಟ್ ಮಾತ್ರ. ತೆಳುವಾದ ವೈರ್‌ನಲ್ಲಿ ಕಳೆದುಹೋದ ಸುಮಾರು 200 ವಾಟ್ ಶಕ್ತಿ ಶಾಖವಾಗಿ ಪರಿಣಮಿಸುತ್ತದೆ. ವೈರ್ ಸುರುಳಿಯಲ್ಲೇ ಇದ್ದರೆ ಆ ಶಾಖ ಹೊರಹೋಗದೆ ಹೊದಿಕೆ ಕರಗುತ್ತದೆ. ಹಳ್ಳಿಗಳಲ್ಲಿ ವೋಲ್ಟೇಜ್ ಮೊದಲೇ ಕಡಿಮೆಯಿರುವಾಗ ಗರಗಸದ ವೇಗ ಕುಗ್ಗುತ್ತದೆ, ಕೆಲಸಗಾರ ಇನ್ನಷ್ಟು ಒತ್ತುತ್ತಾನೆ, ಮೋಟಾರು ಕಾಯುತ್ತದೆ. ಆದ್ದರಿಂದ ದಪ್ಪ ವೈರ್ ಬಳಸಿ, ಸುರುಳಿಯನ್ನು ಪೂರ್ತಿ ಬಿಚ್ಚಿ ಕೆಲಸ ಆರಂಭಿಸಬೇಕು.

ಇನ್ನೂ ಗಂಭೀರವಾದುದು ಪಂಪ್‌ಸೆಟ್ ಪೆಟ್ಟಿಗೆಯಿಂದ ವಿದ್ಯುತ್ ಪಡೆಯುವ ರೂಢಿ. ಪ್ಲಗ್ ಕತ್ತರಿಸಿ, ಬರಿ ತಂತಿಯ ತುದಿಗಳನ್ನು ಸ್ಟಾರ್ಟರ್‌ಗೆ ಸಿಕ್ಕಿಸುವುದನ್ನು ಕ್ಷೇತ್ರ ಭೇಟಿಗಳಲ್ಲಿ ಕಂಡಿದ್ದೇನೆ. ಎರಡು ಫೇಸ್‌ಗಳ ನಡುವೆ 400 ವೋಲ್ಟ್‌ಗೂ ಅಧಿಕ ಒತ್ತಡವಿರುತ್ತದೆ. ಅದಕ್ಕೆ ಜೋಡಿಸಿದ ಗರಗಸ ಕ್ಷಣದಲ್ಲಿ ಸುಟ್ಟುಹೋಗಬಹುದು. ನ್ಯೂಟ್ರಲ್ ಇಲ್ಲದೆಡೆ ಒಂದು ಫೇಸ್ ಮತ್ತು ಭೂಸಂಪರ್ಕದ ಸರಳನ್ನು ಬಳಸುವುದು ಇನ್ನೂ ಮಾರಕ. ಸರಳಿನ ಸಂಪರ್ಕ ಸಡಿಲವಾದರೆ ಅದಕ್ಕೆ ಅಂಟಿಕೊಂಡಿರುವ ಪೆಟ್ಟಿಗೆ, ಪೈಪು ಎಲ್ಲದರಲ್ಲೂ ವಿದ್ಯುತ್ ಹರಿಯಬಹುದು. ಮುಟ್ಟಿದವರು ಗರಗಸ ಹಿಡಿದವರೇ ಆಗಿರಬೇಕೆಂದಿಲ್ಲ. ನೀರು ಕುಡಿಯಲು ಬಂದ ಮಗುವೂ ಆಗಿರಬಹುದು.

ಇದಕ್ಕೆ ಪರಿಹಾರ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ. ಮನೆಯಲ್ಲಿರುವ ಎಂಸಿಬಿ ಸಾಕಲ್ಲವೇ ಎಂಬ ಪ್ರಶ್ನೆ ಸಹಜ. ಸಾಲದು. 16 ಆಂಪಿಯರ್ ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಆಂಪಿಯರ್‌ನ ಹತ್ತನೆಯ ಒಂದು ಭಾಗ ದೇಹದ ಮೂಲಕ ಹರಿದರೂ ಪ್ರಾಣಾಪಾಯವಿದೆ, ಅಷ್ಟಕ್ಕೆ ಎಂಸಿಬಿ ಬೀಳುವುದಿಲ್ಲ. ವಿದ್ಯುತ್ ಭೂಮಿಗೆ ಸೋರಿದೊಡನೆ ಆರ್‌ಸಿಸಿಬಿ ಸಂಪರ್ಕ ಕಡಿಯುತ್ತದೆ. ಫೇಸ್ ಮತ್ತು ಭೂಸಂಪರ್ಕದ ಕಳ್ಳದಾರಿ ಹಿಡಿದವರಿಗೆ ಅದು ಪದೇ ಪದೇ ಬೀಳುತ್ತದೆ. ಆಗ ಅದನ್ನೇ ತೆಗೆದುಹಾಕುವುದು ಕಾವಲು ನಾಯಿ ಬೊಗಳಿತೆಂದು ಅದನ್ನು ಓಡಿಸಿದಂತೆ. ಆದರೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವರನ್ನು ಆರ್‌ಸಿಸಿಬಿ ಕೂಡ ಉಳಿಸಲಾರದು ಎಂಬುದು ನೆನಪಿರಲಿ. ಹೊದಿಕೆ ಹರಿದ ವೈರ್‌ಗೆ ಟೇಪ್ ಸುತ್ತದೆ ಬದಲಿಸಿ.

ಸರಪಳಿಯ ವರ್ತನೆ

ಗರಗಸದ ಬಾರ್‌ನ ಮೂಗಿನ ಮೇಲ್ಭಾಗ ಗಟ್ಟಿ ವಸ್ತುವಿಗೆ ತಾಗಿದರೆ ಇಡೀ ಯಂತ್ರ ಕಣ್ಣು ಮಿಟುಕಿಸುವುದರೊಳಗೆ ಮೇಲಕ್ಕೂ ಹಿಂದಕ್ಕೂ, ಹಿಡಿದವರ ಮುಖ ಮತ್ತು ಕುತ್ತಿಗೆಯತ್ತ ಚಿಮ್ಮುತ್ತದೆ. ಇದನ್ನೇ ಕಿಕ್‌ಬ್ಯಾಕ್ ಎನ್ನುತ್ತಾರೆ. ಇದನ್ನು ತೋಳ್ಬಲದಿಂದ ತಡೆಯಲು ಸಮಯವೇ ಇರುವುದಿಲ್ಲ. ಆದ್ದರಿಂದ ನಿಲುವು ಮತ್ತು ಹಿಡಿತವೇ ರಕ್ಷಣೆ. ಪಾಲಿಸಬೇಕಾದ ಕ್ರಮಗಳು:

• ಎರಡೂ ಕೈಗಳಿಂದ ಹಿಡಿಯಿರಿ; ಮುಂದಿನ ಹಿಡಿಗೆ ಎಡಗೈ ಹೆಬ್ಬೆರಳನ್ನು ಸುತ್ತಿ ಬಿಗಿಯಾಗಿ ಹಿಡಿಯಿರಿ. ಮುಖ ಮತ್ತು ದೇಹ ಬಾರ್‌ನ ನೇರಕ್ಕೆ ಬಾರದಂತೆ ಪಕ್ಕಕ್ಕೆ ನಿಲ್ಲಿ.
• ಭುಜದ ಎತ್ತರಕ್ಕಿಂತ ಮೇಲೆ, ಏಣಿಯ ಮೇಲೆ ಅಥವಾ ಮರದ ಮೇಲೆ ನಿಂತು ಬಳಸಬೇಡಿ.
• ವೈರ್ ಸದಾ ನಿಮ್ಮ ಹಿಂದೆ, ಸಾಧ್ಯವಾದರೆ ಭುಜದ ಮೇಲಿನಿಂದ ಹಾದಿರಲಿ. ಕತ್ತರಿಸುವ ಕಡೆ ಬಿದ್ದಿರಬಾರದು.
• ದಪ್ಪ ರೆಂಬೆಗೆ ಮೊದಲು ಕೆಳಗಿನಿಂದ ಮೂರನೆಯ ಒಂದು ಭಾಗ, ಅನಂತರ ಸ್ವಲ್ಪ ಹೊರಗೆ ಮೇಲಿನಿಂದ, ಕೊನೆಗೆ ಉಳಿದ ಮೋಟನ್ನು ಕತ್ತರಿಸಿ. ಇದರಿಂದ ತೊಗಟೆ ಸೀಳುವುದಿಲ್ಲ, ಬಾರ್ ಸಿಕ್ಕಿಕೊಳ್ಳುವುದೂ ಕಡಿಮೆ.
• ಸರಪಳಿ ಬಿಗಿಗೊಳಿಸುವ, ಸಿಕ್ಕಿದ ಚೂರು ತೆಗೆಯುವ ಮುನ್ನ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಳ್ಳಿ; ಸ್ವಿಚ್ ಬಂದ್ ಮಾಡಿದರೆ ಸಾಲದು.
• ಕರೆಂಟ್ ಹೋದರೆ ಮೊದಲು ಪ್ಲಗ್ ತೆಗೆಯಿರಿ. ಸ್ವಿಚ್ ಲಾಕ್ ಆಗುವ ವೃತ್ತಾಕಾರದ ಗರಗಸಗಳು ಕರೆಂಟ್ ಬಂದಾಗ ತಾವಾಗಿಯೇ ತಿರುಗುತ್ತವೆ.
• ಮಳೆಯಲ್ಲಿ, ಇಬ್ಬನಿಯಿಂದ ತೊಯ್ದ ಹುಲ್ಲಿನಲ್ಲಿ, ವಿದ್ಯುತ್ ಲೈನಿನ ಕೆಳಗೆ ಕೆಲಸ ಬೇಡ.
• ಪಂಚೆ, ಜೋಲುವ ಟವೆಲ್, ಸೆರಗು ಸರಪಳಿಗೆ ಸಿಕ್ಕುತ್ತವೆ. ಮೈಗಂಟುವ ಉಡುಪು, ಗಟ್ಟಿ ಬೂಟು, ಕನ್ನಡಕ ಧರಿಸಿ. ಒಬ್ಬರೇ ಕೆಲಸ ಮಾಡಬೇಡಿ.

ಅವಘಡವಾದರೆ

ವಿದ್ಯುತ್ ತಗುಲಿದವರನ್ನು ಮುಟ್ಟುವ ಮುನ್ನ ಮೇನ್ ಸ್ವಿಚ್ ಬಂದ್ ಮಾಡಿ. ಉಸಿರು ನಿಂತಿದ್ದರೆ ಎದೆಯೊತ್ತುವ ಪ್ರಥಮ ಚಿಕಿತ್ಸೆ ಆರಂಭಿಸಿ, 108ಕ್ಕೆ ಕರೆ ಮಾಡಿಸಿ. ಗಾಯದಿಂದ ರಕ್ತ ಹರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿಯಿರಿ. ಅರಿಶಿನ, ಕಾಫಿಪುಡಿ ತುಂಬಬೇಡಿ. ತುಂಡಾದ ಬೆರಳನ್ನು ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಮೇಲಿರಿಸಿ ಆಸ್ಪತ್ರೆಗೆ ಒಯ್ಯಿರಿ. ಬೆರಳು ನೇರವಾಗಿ ಮಂಜುಗಡ್ಡೆಗೆ ತಾಗಬಾರದು.

ವಿಸ್ತರಣಾ ಕಾರ್ಯಕರ್ತರ ಹೊಣೆ

ಸಮರುವಿಕೆಯ ತರಬೇತಿಯಲ್ಲಿ ನಾವು ಎಲ್ಲಿ ಕತ್ತರಿಸಬೇಕೆಂದು ಹೇಳುತ್ತೇವೆ. ಯಾವುದರಿಂದ, ಹೇಗೆ ಎಂಬುದನ್ನು ರೈತರ ವಿವೇಕಕ್ಕೆ ಬಿಡುತ್ತೇವೆ. ಬೇಸಾಯಶಾಸ್ತ್ರಜ್ಞನಾಗಿ ಈ ಲೋಪದಲ್ಲಿ ನನ್ನ ಪಾಲೂ ಇದೆ. ಇನ್ನು ಮುಂದೆ ಪ್ರತಿ ಸಮರುವಿಕೆ ಪ್ರಾತ್ಯಕ್ಷಿಕೆಯಲ್ಲಿ ಅರ್ಧ ಗಂಟೆ ಉಪಕರಣದ ಸುರಕ್ಷತೆಗೆ ಮೀಸಲಾಗಲಿ. ಸಹಾಯಧನದಲ್ಲಿ ವಿತರಿಸುವ ವಿದ್ಯುತ್ ಉಪಕರಣಗಳೊಡನೆ ಆರ್‌ಸಿಸಿಬಿ ಮತ್ತು ಕನ್ನಡದ ಸೂಚನಾಪತ್ರ ಕಡ್ಡಾಯವಾಗಲಿ. ತೋಟದಲ್ಲಾದ ಅವಘಡಗಳನ್ನು ಗ್ರಾಮ ಮಟ್ಟದಲ್ಲಿ ದಾಖಲಿಸುವ ಪದ್ಧತಿ ಬರಲಿ. ಲೆಕ್ಕಕ್ಕೆ ಸಿಗದ ಗಾಯ ನೀತಿ ರೂಪಿಸುವವರ ಕಣ್ಣಿಗೆ ಬೀಳುವುದಿಲ್ಲ.

ಗರಗಸ ಉಳಿಸುವುದು ಒಂದು ದಿನದ ಕೂಲಿಯನ್ನು. ತಪ್ಪಿದರೆ ಕಳೆಯುವುದು ಆ ಕುಟುಂಬದ ದುಡಿಯುವ ಕೈಯನ್ನು. ಈ ಹಂಗಾಮಿನಲ್ಲಿ ಗರಗಸ ಹೊರತೆಗೆಯುವ ಮುನ್ನ ರೈತ ಬಾಂಧವರು ವೈರ್, ಪ್ಲಗ್ ಮತ್ತು ಆರ್‌ಸಿಸಿಬಿಯನ್ನು ಪರಿಶೀಲಿಸಿಕೊಳ್ಳಬೇಕು. ಅಗತ್ಯವಿದ್ದಲ್ಲಿ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.