ಉಡಾಳ ಎಂದು ಕೈಬಿಡುವ ಮುನ್ನ

ಪಾಲಕರೇ, ನಿಮ್ಮೂರಿನ ಕನ್ನಡ ಶಾಲೆಯ ಎಂಟನೇ, ಒಂಬತ್ತನೇ ತರಗತಿಯ ಹಾಜರಿ ಪುಸ್ತಕವನ್ನು ಒಮ್ಮೆ ಕೇಳಿ ನೋಡಿ. ಜೂನ್ ತಿಂಗಳಲ್ಲಿ ಕೂಗಿದ ಹೆಸರುಗಳಲ್ಲಿ ಕೆಲವಕ್ಕೆ ದಸರೆಯ ಹೊತ್ತಿಗೆ ಉತ್ತರ ಬರುವುದಿಲ್ಲ. ಆ ಮಕ್ಕಳು ಎಲ್ಲಿದ್ದಾರೆಂಬುದು ಊರಿಗೆಲ್ಲ ಗೊತ್ತು. ಒಬ್ಬ ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ಕೂಲಿಗೆ ನಿಂತಿದ್ದಾನೆ. ಇನ್ನೊಬ್ಬ ಬಸ್ ನಿಲ್ದಾಣದ ಬಳಿ ಗುಟ್ಕಾ ಹಾಕಿಕೊಂಡು ಮೊಬೈಲ್ ನೋಡುತ್ತಿದ್ದಾನೆ. ಮತ್ತೊಬ್ಬಳು ಹತ್ತಿಬೀಜದ ಹೊಲದಲ್ಲಿ ಹೂವಿನ ಕ್ರಾಸಿಂಗ್ ಕೆಲಸಕ್ಕೆ ಹೋಗಿದ್ದಾಳೆ. ಹುಡುಗರಿಗೆ ನಾವು ‘ಉಡಾಳ’ ಎಂದು ಹೆಸರಿಡುತ್ತೇವೆ, ಹುಡುಗಿಗೆ ಗಂಡು ಹುಡುಕುತ್ತೇವೆ.

ಈ ಮಕ್ಕಳಿಗಾಗಿ ನಮ್ಮ ಕನ್ನಡ ಶಾಲೆಗಳ ಆವರಣದಲ್ಲೇ, ಕನ್ನಡದಲ್ಲೇ, ಹಗಲು ಹೊತ್ತಿನ ಪ್ರತ್ಯೇಕ ಬ್ರಿಡ್ಜ್ ಶಾಲೆ ಬೇಕು. ಅದನ್ನು ಕೇಳಬೇಕಾದವರು ಚೆನ್ನಾಗಿ ಓದುತ್ತಿರುವ ಮಕ್ಕಳ ತಂದೆತಾಯಿಯರಾದ ನೀವು.

ಮಗು ಉಡಾಳನಾಗುವುದು ಒಂದೇ ದಿನದಲ್ಲಲ್ಲ. ಕೋಸಿಗಿ, ಕೌತಾಳಂ, ಪೆದ್ದಕಡಬೂರು, ಮಂತ್ರಾಲಯಂ ಕಡೆಯಿಂದ ಮಳೆ ಕೈಕೊಟ್ಟ ಕುಟುಂಬಗಳು ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಮಗುವೂ ಜೊತೆಗೆ ಹೋಗುತ್ತದೆ. ತಿಂಗಳುಗಟ್ಟಲೆ ಬಿಟ್ಟು ಮರಳಿ ಬಂದಾಗ ಪಾಠ ಮುಂದೆ ಹೋಗಿರುತ್ತದೆ. ಹೀಗೆ ಎರಡು ಮೂರು ವರ್ಷ ಕಳೆದರೆ ಹದಿಮೂರು ವರ್ಷದ ಹುಡುಗ ಎಂಟನೇ ತರಗತಿಯ ಕೊನೆಯ ಬೆಂಚಿನಲ್ಲಿ ಕೂತಿರುತ್ತಾನೆ, ಆದರೆ ಮೂರನೇ ತರಗತಿಯ ಪುಸ್ತಕವನ್ನೂ ತಡೆತಡೆದು ಓದುತ್ತಾನೆ. ಎಲ್ಲರೆದುರು ಓದಲು ನಿಲ್ಲಿಸಿದರೆ ಅವನಿಗೆ ಅವಮಾನ. ಅದನ್ನು ಮುಚ್ಚಿಕೊಳ್ಳಲು ಅವನು ಗಲಾಟೆ ಮಾಡುತ್ತಾನೆ, ಇಲ್ಲವೇ ಶಾಲೆಯನ್ನೇ ತಪ್ಪಿಸುತ್ತಾನೆ. ಬಹಳಷ್ಟು ಪುಂಡಾಟದ ಬೇರು ಇಲ್ಲಿದೆ.

ಇದಕ್ಕೆ ಕಾನೂನಿನ ಬಲವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಸಹಪಾಠಿಗಳ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು. ಹಾಗೆ ಸೇರಿದ ಮಗುವಿಗೆ 14 ವರ್ಷ ದಾಟಿದರೂ ಎಂಟನೇ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣದ ಹಕ್ಕಿದೆ. 16ನೇ ಸೆಕ್ಷನ್ ಪ್ರಕಾರ ಅಲ್ಲಿಯವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ 17ನೇ ಸೆಕ್ಷನ್ ನಿಷೇಧಿಸಿದೆ. ಎಂಟನೇ ತರಗತಿ ದಾಟಿ ಬಿಟ್ಟವರಿಗೆ 14 ವರ್ಷ ತುಂಬಿದ ಮೇಲೆ ಓಪನ್ ಸ್ಕೂಲ್ ಮೂಲಕ ಹತ್ತನೇ ತರಗತಿ ಪರೀಕ್ಷೆ ಬರೆಯುವ ದಾರಿಯೂ ಇದೆ.

ಹಿಂದಿನ ಅನುಭವವೂ ನಮ್ಮೆದುರಿಗಿದೆ. ಅವಿಭಜಿತ ಆಂಧ್ರದ ರಂಗಾರೆಡ್ಡಿ ಜಿಲ್ಲೆಯಲ್ಲಿ ಎಂ.ವಿ. ಫೌಂಡೇಶನ್ 1991ರಿಂದ ಕೂಲಿ ಮಕ್ಕಳಿಗೆ ಬ್ರಿಡ್ಜ್ ಶಿಬಿರ ನಡೆಸಿ ಅವರನ್ನು ಸರ್ಕಾರಿ ಶಾಲೆಗೆ ಸೇರಿಸಿತು. ಅದರ ಮುಂದಾಳು ಶಾಂತಾ ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ದನ ಕಾಯುತ್ತಿದ್ದ, ಜೀತಕ್ಕಿದ್ದ ಮಕ್ಕಳೂ ಓದಬಲ್ಲರೆಂದು ಆ ಊರುಗಳು ಕಣ್ಣಾರೆ ಕಂಡವು.

ಹಾಗಿದ್ದರೆ ಕನ್ನಡದ ಮಾತೇಕೆ? 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ಅದೇ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು. ಅಂದಿನಿಂದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಆಡುತ್ತ ಬೆಳೆದಿದ್ದಾರೆ. ಆಡುವುದು ಬೇರೆ, ಓದಿ ಬರೆಯುವುದು ಬೇರೆ. ಓದಿನಲ್ಲಿ ಮೊದಲೇ ಸೋತ ಮಗುವನ್ನು ತೆಲುಗು ಪುಸ್ತಕದ ಮುಂದೆ ಕೂರಿಸಿದರೆ ಅದು ಎರಡನೇ ಸಲ ಸೋಲುತ್ತದೆ. ಕನ್ನಡದಲ್ಲೂ ತಮಿಳಿನಲ್ಲೂ ಓದಿದ ನನಗೆ ಇದು ಚೆನ್ನಾಗಿ ಗೊತ್ತು. ಕಲಿಕೆಯ ಭಾಷೆ ನಡುವೆ ಬದಲಾದರೆ ಜಾಣ ಹುಡುಗನೂ ಕೆಲಕಾಲ ದಡ್ಡನಂತೆ ಕಾಣುತ್ತಾನೆ.

ನಾನು ಹೇಳುತ್ತಿರುವ ಶಾಲೆಗೆ ದೊಡ್ಡ ಕಟ್ಟಡ ಬೇಡ. ಒಂದು ಕೋಣೆ, ಇಪ್ಪತ್ತು ಮಕ್ಕಳು, ಕನ್ನಡ ಬಲ್ಲ ಇಬ್ಬರು ಶಿಕ್ಷಕರು ಸಾಕು. ಮೊದಲ ಕೆಲವು ವಾರ ಪರೀಕ್ಷೆಯ ಮಾತು ಬೇಡ. ದಿನಪತ್ರಿಕೆ ಓದಲಿ, ಹತ್ತಿಯ ತೂಕದ ಚೀಟಿ ನೋಡಿ ಲೆಕ್ಕ ಕಲಿಯಲಿ. ಮಧ್ಯಾಹ್ನದ ಊಟವನ್ನು ಉಳಿದ ಮಕ್ಕಳ ಸಾಲಿನಲ್ಲೇ ಕೂತು ಮಾಡಲಿ. ವಾರಕ್ಕೊಮ್ಮೆ ಶಿಕ್ಷಕರು ಮನೆಗೆ ಹೋಗಿ ತಂದೆತಾಯಿಯ ಜೊತೆ ಮಾತಾಡಲಿ. ಸಂಜೆ ಮಗು ತನ್ನ ಮನೆಗೇ ಹೋಗುವುದರಿಂದ ಮನೆಯವರೂ ಹೊಣೆಯಿಂದ ಜಾರುವಂತಿಲ್ಲ. ಸಿದ್ಧನಾದ ಮೇಲೆ ಅವನು ತನ್ನ ತರಗತಿಗೆ ಮರಳಬೇಕು. ಇಲ್ಲದಿದ್ದರೆ ಆ ಕೋಣೆ ಉಡಾಳರ ದೊಡ್ಡಿಯಾದೀತು.

‘ಒಂದು ಕೊಳೆತ ಹಣ್ಣು ಬುಟ್ಟಿಯನ್ನೆಲ್ಲ ಕೆಡಿಸುತ್ತದೆ, ಅವರನ್ನು ನಮ್ಮ ಮಕ್ಕಳ ಹತ್ತಿರ ತರಬೇಡಿ’ ಎಂದು ನಿಮ್ಮಲ್ಲಿ ಕೆಲವರು ಹೇಳುವಿರಿ. ಈ ಭಯ ಸಹಜ. ಆದರೆ ಆ ಹುಡುಗ ಈಗಲೂ ಶಾಲೆಯ ಗೇಟಿನ ಹೊರಗೇ ನಿಂತಿದ್ದಾನೆ, ಸಂಜೆ ನಿಮ್ಮ ಮಗ ಅವನ ಜೊತೆಯೇ ಆಡುತ್ತಾನೆ. ಇಡೀ ದಿನ ಅವನು ಶಿಕ್ಷಕರ ಕಣ್ಣೆದುರಿಗಿರುವುದು ನಿಮ್ಮ ಮಗನಿಗೂ ಒಳ್ಳೆಯದು.

ಇನ್ನೊಂದು ಲೆಕ್ಕವೂ ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಿಕ್ಷಕರ ಸಂಖ್ಯೆ ಮಕ್ಕಳ ಸಂಖ್ಯೆಗೆ ಕಟ್ಟಿಕೊಂಡಿದೆ. ಐದನೇ ತರಗತಿವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಆರರಿಂದ ಎಂಟನೇ ತರಗತಿವರೆಗೆ 35 ಮಕ್ಕಳಿಗೆ ಕನಿಷ್ಠ ಒಬ್ಬರು. ಗಡಿಯ ಕನ್ನಡ ಶಾಲೆಯಿಂದ ಒಂದೊಂದೇ ಹೆಸರು ಬಿದ್ದುಹೋದಂತೆ ಉಳಿದ ಮಕ್ಕಳ ಶಿಕ್ಷಕರಿಗೂ ಕುತ್ತು ಬರುತ್ತದೆ.

ಶಾಲಾ ನಿರ್ವಹಣಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಶಾಲಾ ಅಭಿವೃದ್ಧಿ ಯೋಜನೆ ಬರೆಯುವುದೂ ಆ ಸಮಿತಿಯೇ. ಮುಂದಿನ ಸಭೆಗೆ ಹೋಗಿ. ಶಾಲೆ ಬಿಟ್ಟವರ ಹೆಸರುಗಳನ್ನು ಪಟ್ಟಿ ಮಾಡಿಸಿ. ಕನ್ನಡದಲ್ಲಿ ವಿಶೇಷ ತರಬೇತಿ ಬೇಕೆಂದು ಠರಾವು ಬರೆಸಿ, ಸಹಿ ಹಾಕಿ, ಮಂಡಲ ಶಿಕ್ಷಣಾಧಿಕಾರಿಗೆ ಕೊಡಿ. ಚಟಕ್ಕೆ ಬಿದ್ದ ಅಥವಾ ಮನಸ್ಸು ಮುದುಡಿದ ಮಗುವಿಗೆ ಟೆಲಿ ಮಾನಸ್ 14416 ಇದೆ, ಬಾಲ್ಯವಿವಾಹದ ಸುಳಿವು ಸಿಕ್ಕರೆ 1098ಕ್ಕೆ ಕರೆ ಮಾಡಿ.

ಪಟ್ಟಿಯಲ್ಲಿ ನಿಮ್ಮ ಮಗುವಿನ ಹೆಸರು ಇಲ್ಲದಿರಬಹುದು. ಇರುವ ಮಗುವಿನ ತಂದೆತಾಯಿ ಗುಳೆ ಹೋಗಿದ್ದಾರೆ, ಅವರು ಸಭೆಗೆ ಬರಲಾರರು. ಅವರ ಪರವಾಗಿ ಕೈ ಎತ್ತುವವರು ನೀವೇ.